ವಠಾರದಲ್ಲೇ ಉಳಿದ ಮನೆಗಳು

ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಊರಿಗಿಟ್ಟರು ಎಂಬುದು ಇಲ್ಲಿ ಚಾಲ್ತಿಯಲ್ಲಿರುವ ಮಾತು. ಅಧಿಕಾರದಲ್ಲಿದ್ದವರು ಮನಸ್ಸು ಮಾಡಿದರು, ದಫ್ತರದಲ್ಲಿ ಹೆಸರು ಬದಲಾಯಿತು, ನಿಧಾನವಾಗಿ ಊರೂ ಒಪ್ಪಿಕೊಂಡಿತು. ಕೋಲಾರ ಸೀಮೆಯ ಅಂಚೆಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇಂಥ ಬದಲಾವಣೆಗಳ ಮೇಲೆ ಸದಾ ಒಂದು ಕಣ್ಣು. ವಿಳಾಸವೆನ್ನುವುದು ಯಾವಾಗ ಸಲೀಸಾಗಿ ಬದಲಾಗುತ್ತದೆ, ಯಾವಾಗ ಹಟ ಹಿಡಿದು ಕೂರುತ್ತದೆ? ಈ ಪ್ರಶ್ನೆಗೆ ನಮ್ಮ ಕಾಲದ ಒಳ್ಳೆಯ ಉದಾಹರಣೆಯೊಂದು ನಮ್ಮ ನಿಮ್ಮ ಮನೆಯಲ್ಲೇ ಇದೆ. ಟೀವಿಯ ಪಕ್ಕ ದೂಳು ಮೆತ್ತಿಕೊಂಡು ಮಿಣುಕುತ್ತಿರುವ ವೈಫೈ ಡಬ್ಬಿ ಅದು.

ಆ ಡಬ್ಬಿಯ ಕತೆಗೆ ಹೋಗುವ ಮುಂಚೆ ಎರಡು ಹಳೆಯ ಕತೆಗಳನ್ನು ಹೇಳಬೇಕು.

ಮೊದಲನೆಯದು ಪಿನ್‌ಕೋಡಿನದು. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಇದನ್ನು ಜಾರಿಗೆ ತಂದಿತು. ಇದನ್ನು ರೂಪಿಸಿದ ಶ್ರೀರಾಮ್ ಭಿಕಾಜಿ ವೇಲಣಕರ್ ಅಧಿಕಾರಿ ಮಾತ್ರವಲ್ಲ, ಸಂಸ್ಕೃತ ಕವಿಯೂ ಹೌದು. ಶ್ರೀನಿವಾಸಪುರದ ಸಂಖ್ಯೆ 563135. ಮೊದಲ 5 ದಕ್ಷಿಣದ ವಲಯ, 56 ಕರ್ನಾಟಕ, 563 ಕೋಲಾರದ ಕಡೆಯ ವಿಂಗಡಣಾ ಜಿಲ್ಲೆ, ಕೊನೆಯ ಮೂರು ಅಂಕಿ ನಮ್ಮ ಅಂಚೆ ಕಚೇರಿ. ಎಡದಿಂದ ಬಲಕ್ಕೆ ಓದುತ್ತ ಹೋದರೆ ದೇಶದಿಂದ ಊರಿಗೆ ಇಳಿಯುತ್ತೇವೆ. ಆದರೆ ಪಿನ್ ಬರೆಯದಿದ್ದರೂ ಕಾಗದ ಬರುತ್ತಿತ್ತು. ತಾಲ್ಲೂಕು, ಜಿಲ್ಲೆ ಬರೆದರೆ ವಿಂಗಡಿಸುವವರು ತಲೆ ಓಡಿಸಿ ಸರಿಯಾದ ಚೀಲಕ್ಕೆ ಹಾಕುತ್ತಿದ್ದರು. ಹಳೆಯದೂ ನಡೆಯುತ್ತದೆ ಎಂದಾದಾಗ ಹೊಸದಕ್ಕೆ ಅವಸರವಿರುವುದಿಲ್ಲ.

ಎರಡನೆಯದು ಟೆಲಿಫೋನಿನದು. 2002-03ರ ಸುಮಾರಿಗೆ ದೇಶದ ಸ್ಥಿರ ದೂರವಾಣಿಗಳ ಸಂಖ್ಯೆಯ ಹಿಂದೆ ಒಂದು 2 ಬಂದು ಕೂತಿತು. 08157 ಎಂಬ ನಮ್ಮ ಎಸ್‌ಟಿಡಿ ಕೋಡ್ ಹಾಗೇ ಉಳಿಯಿತು, ಐದಂಕಿಯ ನಂಬರು ಆರಂಕಿಯಾಯಿತು. ಈ ಬದಲಾವಣೆ ಎಕ್ಸ್‌ಚೇಂಜಿನಲ್ಲಿ ಆಯಿತು. ಮನೆಯ ಮೇಜಿನ ಮೇಲಿದ್ದ ಫೋನಿಗೆ ಯಾರೂ ಕೈ ಹಚ್ಚಬೇಕಾಗಲಿಲ್ಲ. ಹಳೆಯ ನಂಬರಿಗೆ ಹೊಡೆದರೆ ನಂಬರು ಬದಲಾಗಿದೆ ಎಂದು ಒಂದು ಧ್ವನಿ ಹೇಳುತ್ತಿತ್ತು. ಕೆಲವು ದಿನ ಗೊಣಗಾಟ, ಆಮೇಲೆ ಎಲ್ಲರ ನಾಲಗೆಯ ಮೇಲೂ 2.

ಒಂದು ಬದಲಾವಣೆಯನ್ನು ಜನರ ಇಷ್ಟಕ್ಕೆ ಬಿಡಲಾಯಿತು, ಇನ್ನೊಂದನ್ನು ಒಬ್ಬ ಒಡೆಯ ತನ್ನ ಕಡೆಯಿಂದಲೇ ಮಾಡಿ ಮುಗಿಸಿದ. ಅಂತರ್ಜಾಲದ ವಿಳಾಸ ಬದಲಾವಣೆ ಇವೆರಡರ ನಡುವೆ ಸಿಕ್ಕಿಹಾಕಿಕೊಂಡಿತು.

ಅಂತರ್ಜಾಲದಲ್ಲಿ ಮಾತಾಡುವ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಈ ವಿಳಾಸ 32 ಬಿಟ್ ಉದ್ದವಿರಲಿ ಎಂದು 1977ರಲ್ಲಿ ತೀರ್ಮಾನಿಸಿದವರು ವಿಂಟ್ ಸರ್ಫ್. ಆಗ ಅದೊಂದು ಪ್ರಯೋಗ ಮಾತ್ರ ಎಂದುಕೊಂಡಿದ್ದಾಗಿ ಅವರೇ ಮುಂದೆ ಹೇಳಿದ್ದಾರೆ. 1981ರ ಸೆಪ್ಟೆಂಬರಿನಲ್ಲಿ ಅದು ಲಿಖಿತ ನಿಯಮವಾಯಿತು. ಇದಕ್ಕೆ ಐಪಿವಿ4 ಎಂದು ಹೆಸರು. 32 ಬಿಟ್‌ನಲ್ಲಿ ಸಿಗುವ ಒಟ್ಟು ವಿಳಾಸಗಳು 429 ಕೋಟಿಗೆ ಸ್ವಲ್ಪ ಹೆಚ್ಚು. ಆ ವರ್ಷ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ ಇತ್ತು. ಅಂದರೆ ಹುಟ್ಟಿದ ದಿನವೇ ತಲೆಗೊಂದು ವಿಳಾಸ ಸಾಲದಂತಿದ್ದ ವ್ಯವಸ್ಥೆ ಇದು. ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಜಾಲ ಹಳೆಯ ಪದ್ಧತಿ ಬಿಟ್ಟು ಇದಕ್ಕೆ ಬದಲಾದಾಗ ಅದರಲ್ಲಿದ್ದ ಯಂತ್ರಗಳು ಕೆಲವೇ ನೂರು. ಒಂದು ದಿನ ಗೊತ್ತು ಮಾಡಿ, ಬದಲಾಗದವರಿಗೆ ಜಾಲ ಬಂದ್ ಎಂದರು. ನಮ್ಮ ಟೆಲಿಫೋನಿನ 2ರ ಹಾಗೆ ಕೆಲಸ ಮುಗಿಯಿತು.

ಹತ್ತೇ ವರ್ಷದಲ್ಲಿ ವಿಳಾಸಗಳು ಮುಗಿಯಲಿವೆ ಎಂಬುದು ಎಂಜಿನಿಯರುಗಳಿಗೆ ಖಚಿತವಾಯಿತು. ಎರಡು ದಾರಿಗಳು ಹೆಚ್ಚುಕಡಿಮೆ ಜೊತೆಯಲ್ಲೇ ಹೊರಟವು. ಒಂದು ದೊಡ್ಡ ದಾರಿ: 128 ಬಿಟ್‌ನ ಹೊಸ ವಿಳಾಸ, ಐಪಿವಿ6. ಇದರ ಮೊದಲ ನಿಯಮಾವಳಿ 1995ರ ಡಿಸೆಂಬರಿನಲ್ಲಿ ಬಂತು. ಇದರಲ್ಲಿರುವ ವಿಳಾಸಗಳ ಎಣಿಕೆ 39 ಅಂಕಿಗಳ ಸಂಖ್ಯೆ. ಇನ್ನೊಂದು ಕಾಲುದಾರಿ: 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಬರೆದ ನ್ಯಾಟ್ ಎಂಬ ಉಪಾಯ. ಒಂದೇ ವಿಳಾಸವನ್ನು ಅನೇಕ ಯಂತ್ರಗಳು ಹಂಚಿಕೊಳ್ಳುವುದು ಹೇಗೆ ಎಂದು ಅದು ಹೇಳಿತು. ಅದು ತಾತ್ಕಾಲಿಕ ಪರಿಹಾರ ಎಂದು ಬರೆದವರೇ ಹೇಳಿದ್ದರು.

ನ್ಯಾಟ್ ಎಂದರೇನೆಂದು ನಮ್ಮವರಿಗೆ ತಿಳಿಸಲು ವಠಾರಕ್ಕಿಂತ ಒಳ್ಳೆಯ ಹೋಲಿಕೆ ಬೇಡ. ವಠಾರದಲ್ಲಿ ಎಂಟು ಸಂಸಾರ, ಬೀದಿಗೆ ಕಾಣುವ ಬಾಗಿಲು ಒಂದೇ, ಮನೆ ನಂಬರೂ ಒಂದೇ. ಒಳಗಿನವರು ಕಾಗದ ಬರೆದರೆ ವಠಾರದ ಯಜಮಾನರು ಅದರ ಮೇಲೆ ವಠಾರದ ವಿಳಾಸ ಹಾಕಿ ಕಳಿಸುತ್ತಾರೆ. ಯಾರು ಯಾರಿಗೆ ಬರೆದರು ಎಂದು ಒಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದ ಬಾಗಿಲಿಗೆ ತಲುಪಿಸುತ್ತಾರೆ. ಇಷ್ಟರವರೆಗೆ ಯಾರಿಗೂ ತೊಂದರೆಯಿಲ್ಲ. ಆದರೆ ಒಳಗಿನವರು ಮೊದಲು ಬರೆಯದೆ, ಹೊರಗಿನವರೇ ತಾವಾಗಿ ಬರೆದ ಕಾಗದ ಬಂದರೆ? ಪುಸ್ತಕದಲ್ಲಿ ಗುರುತಿಲ್ಲ. ಯಜಮಾನರು ಅದನ್ನು ಕಸಕ್ಕೆ ಹಾಕುತ್ತಾರೆ. ವಠಾರದವರು ಕೇಳಬಹುದು, ಅವರನ್ನು ಯಾರೂ ಕೇಳಿಕೊಂಡು ಬರುವಂತಿಲ್ಲ.

ಭಾರತದ ಮನೆಗಳಿಗೆ ಅಂತರ್ಜಾಲ ಬಂದದ್ದು ಈ ಎರಡು ದಾರಿಗಳು ಕವಲೊಡೆದ ಮೇಲೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಸೇವೆ ಶುರು ಮಾಡಿತು. ಫೋನ್ ತಂತಿಯ ಮೂಲಕ ಒಂದು ಕಂಪ್ಯೂಟರ್ ಕರೆ ಮಾಡಿ ಸೇರಿಕೊಳ್ಳುತ್ತಿತ್ತು. ಆ ಕರೆ ಮುಗಿಯುವವರೆಗೆ ಅದಕ್ಕೊಂದು ವಿಳಾಸ. ಮನೆಯೊಳಗೆ ಸದಾ ಉರಿಯುವ ಡಬ್ಬಿ ಬಂದದ್ದು ಬ್ರಾಡ್‌ಬ್ಯಾಂಡ್ ಜೊತೆಗೆ. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಅದನ್ನು ಆರಂಭಿಸಿತು. ಆ ಡಬ್ಬಿಯೊಳಗೆ ವಠಾರದ ಯಜಮಾನ ಕಾರ್ಖಾನೆಯಲ್ಲೇ ಕೂತು ಬಂದಿದ್ದ. 192.168.1.1 ಎಂಬ ಸಂಖ್ಯೆಯನ್ನು ಬ್ರೌಸರಿನಲ್ಲಿ ಹೊಡೆದರೆ ಅವನ ಕೋಣೆ ತೆರೆಯುತ್ತದೆ ಎಂಬುದನ್ನು ನಮ್ಮ ತಲೆಮಾರು ಮಗ್ಗಿಯ ಹಾಗೆ ಕಲಿತಿದೆ. ಮನೆಯೊಳಗಿನ ಖಾಸಗಿ ಬಳಕೆಗೆಂದು 1996ರಲ್ಲಿ ಮೀಸಲಿಟ್ಟ ಸಂಖ್ಯೆಗಳಲ್ಲಿ ಅದೂ ಒಂದು. ಅದು ಎಲ್ಲರ ಮನೆಯಲ್ಲೂ ಇದೆ, ಹಾಗಾಗಿ ಯಾರ ವಿಳಾಸವೂ ಅಲ್ಲ.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಒಂದು ಅಂತರವಿದೆ. ಐಪಿವಿ6 ನಿಯಮಾವಳಿ ಬಂದದ್ದು 1995ರಲ್ಲಿ. ಮನೆಯ ರೂಟರಿನಲ್ಲಿ ಐಪಿವಿ6 ಇರಬೇಕಾದರೆ ಏನೇನು ಬೇಕು ಎಂದು ಅದೇ ಎಂಜಿನಿಯರುಗಳ ಬಳಗ ಒಂದು ಕಡೆ ಪಟ್ಟಿ ಮಾಡಿದ್ದು 2011ರ ಏಪ್ರಿಲ್‌ನಲ್ಲಿ. ನಡುವೆ ಹದಿನೈದು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಕೋಟಿಗಟ್ಟಲೆ ಡಬ್ಬಿಗಳು ಜಗತ್ತಿನ ಮನೆಗಳನ್ನು ಸೇರಿಯಾಗಿತ್ತು. ಇನ್ನೂ ವಿಚಿತ್ರವೆಂದರೆ ಆ ಪಟ್ಟಿ ಬರುವ ಎರಡು ತಿಂಗಳ ಹಿಂದೆ, 2011ರ ಫೆಬ್ರವರಿ 3ರಂದು, ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು ಖಾಲಿಯಾಗಿತ್ತು. ಏಷ್ಯಾ ಪೆಸಿಫಿಕ್ ಪ್ರದೇಶದ ದಾಸ್ತಾನು ಏಪ್ರಿಲ್ 15ರಂದು ಕೊನೆಯ ಪಾಲಿಗೆ ಬಂದು, ಅಲ್ಲಿಂದಾಚೆಗೆ ಪಡಿತರದಂತೆ ಅಳೆದು ಕೊಡಲಾಯಿತು.

ನಮ್ಮ ಸರ್ಕಾರ ಸುಮ್ಮನೆ ಕೂತಿರಲಿಲ್ಲ. ದೂರಸಂಪರ್ಕ ಇಲಾಖೆ 2010ರ ಜುಲೈನಲ್ಲೇ ಐಪಿವಿ6ಗಾಗಿ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತು, 2013ರ ಮಾರ್ಚ್‌ನಲ್ಲಿ ಎರಡನೆಯದನ್ನು. ತಂತಿಯ ಬ್ರಾಡ್‌ಬ್ಯಾಂಡಿಗಾಗಿ 2014ರ ಜನವರಿ 1ರಿಂದ ದೇಶದಲ್ಲಿ ಮಾರುವ ಮನೆಬಳಕೆಯ ಉಪಕರಣಗಳೆಲ್ಲ ಐಪಿವಿ6 ಸಾಗಿಸಲು ಸಮರ್ಥವಾಗಿರಬೇಕು ಎಂದು ಅದರಲ್ಲಿತ್ತು. ಗಡುವುಗಳು ಮುಂದೆ ಹೋದವು. 2021ರ ನವೆಂಬರಿನ ಪರಿಷ್ಕರಣೆಯಲ್ಲಿ, 2022ರ ಡಿಸೆಂಬರ್ 31ರ ನಂತರದ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6ಗೆ ಸಮರ್ಥವಾಗಿರಬೇಕು ಎಂದಾಯಿತು. ಹಳೆಯ ಕಡತಗಳನ್ನು ಓದುವ ಅಭ್ಯಾಸವಿರುವವರಿಗೆ ಇಲ್ಲಿ ಕಣ್ಣಿಗೆ ಬೀಳುವ ಪದ ‘ಸಮರ್ಥ’. ಡಬ್ಬಿ ಸಮರ್ಥವಾಗಿರಬೇಕು. ಅದರ ಗುಂಡಿ ಒತ್ತಿರಬೇಕೆಂದು ಈ ಸಾಲು ಹೇಳುವುದಿಲ್ಲ. ಈಜು ಬರುತ್ತದೆ ಎಂಬುದಕ್ಕೂ ನೀರಿಗೆ ಇಳಿಯುವುದಕ್ಕೂ ಇರುವ ಅಂತರವೇ ಇದು.

ನಡುವೆ ಬೇರೊಂದು ಕಡೆ ಬದಲಾವಣೆ ಆಗಿಯೇ ಹೋಯಿತು. 2016ರ ಸೆಪ್ಟೆಂಬರ್ 5ರಂದು ಜಿಯೋ 4ಜಿ ಸೇವೆ ಶುರುವಾಯಿತು. ತಡವಾಗಿ ಬಂದವರಿಗೆ ಹಳೆಯ ವಿಳಾಸಗಳು ಬೇಕಾದಷ್ಟು ಸಿಗುವ ಕಾಲ ಅದಲ್ಲ. ಹಾಗಾಗಿ ಆ ಜಾಲವನ್ನು ಐಪಿವಿ6 ಮೇಲೆಯೇ ಕಟ್ಟಿದರು. ಹಳೆಯ ತಾಣಗಳಿಗೆ ಹೋಗಬೇಕಾದಾಗ ಜಾಲದೊಳಗೇ ವಿಳಾಸದ ತರ್ಜುಮೆ ಆಗುವಂತೆ ಮಾಡಿದರು. ಜಾಲದ ಒಡೆಯ ಒಬ್ಬನೇ, ಜನ ಕೊಂಡ 4ಜಿ ಫೋನುಗಳೂ ಹೊಸವು. ಕೆಲವೇ ವರ್ಷಗಳಲ್ಲಿ ಭಾರತ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮೊದಲ ಸಾಲಿಗೆ ಬಂದು ಕೂತಿತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದರ ಕೇಳುತ್ತ ನಿಂತ ರೈತರ ಜೇಬಿನ ಫೋನಿಗೆ ಹೊಸ ವಿಳಾಸ ಬಂದು ವರ್ಷಗಳಾದವು. ಅವರಿಗೆ ಅದು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಹಾಗಾದರೆ ಅದೇ ರೈತರ ಮನೆಯ ಡಬ್ಬಿಗೆ ಏನಾಗಿದೆ?

ಮೊದಲ ತೊಡಕು ಡಬ್ಬಿಯ ಆಯುಷ್ಯ. ಫೋನನ್ನು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುತ್ತೇವೆ. ರೂಟರನ್ನು ಸಿಡಿಲು ಹೊಡೆಯುವವರೆಗೆ ಬದಲಾಯಿಸುವುದಿಲ್ಲ. ಹಳೆಯ ಅಗ್ಗದ ರೂಟರುಗಳಲ್ಲಿ ತಂತ್ರಾಂಶ ಇಡಲು 4 ಎಂಬಿ ಜಾಗ ಮಾತ್ರ ಇರುತ್ತಿತ್ತು. ಅದರಲ್ಲಿ ಹಳೆಯ ಪದ್ಧತಿಯೇ ತುಂಬಿಕೊಂಡಿರುವಾಗ ಹೊಸದನ್ನು ತುರುಕುವುದು ಎಲ್ಲಿ? ಡಬ್ಬಿ ಒಮ್ಮೆ ಮಾರಾಟವಾದ ಮೇಲೆ ಅದರ ತಂತ್ರಾಂಶ ತಿದ್ದುವುದರಿಂದ ತಯಾರಕರಿಗೆ ಬರುವ ಲಾಭವೂ ಇಲ್ಲ.

ಎರಡನೆಯದು ಡಬ್ಬಿ ಯಾರದ್ದೆಂಬ ಪ್ರಶ್ನೆ. ಸಂಪರ್ಕ ಕೊಡುವವರು ಸಗಟಿನಲ್ಲಿ ಕೊಳ್ಳುತ್ತಾರೆ, ಊರಿನ ಕೇಬಲ್ ಆಪರೇಟರ್ ತಂದು ಗೋಡೆಗೆ ಹೊಡೆಯುತ್ತಾರೆ, ಪಾಸ್‌ವರ್ಡ್ ಅವರ ಹತ್ತಿರವೇ ಇರುತ್ತದೆ, ಕರೆಂಟ್ ಬಿಲ್ ನಮ್ಮದು. ಆಯ್ಕೆ ಮಾಡಿದವರು ಒಬ್ಬರು, ಕೂಡಿಸಿದವರು ಇನ್ನೊಬ್ಬರು, ಇಟ್ಟುಕೊಂಡವರು ಮತ್ತೊಬ್ಬರು. ಏನಾದರೂ ಕೊರತೆ ಕಂಡರೆ ಕೇಳುವುದು ಯಾರನ್ನು?

ಮೂರನೆಯದು ಮನೆಯೊಳಗಿನ ಮನೆ. ಕೆಳಗಿನ ಕೋಣೆಯ ಫೈಬರ್ ಡಬ್ಬಿಯ ಸಿಗ್ನಲ್ ಮಹಡಿಗೆ ಬರದು ಎಂದು ಅಂಗಡಿಯಿಂದ ಎರಡನೇ ರೂಟರ್ ತಂದು ಸಿಕ್ಕಿಸುತ್ತೇವೆ. ಐಪಿವಿ6 ವ್ಯವಸ್ಥೆಯಲ್ಲಿ ಮನೆಗೆ ಒಂದೇ ವಿಳಾಸ ಕೊಡುವ ಬದಲು ವಿಳಾಸಗಳ ಒಂದು ಕೇರಿಯನ್ನೇ ಕೊಡಬೇಕು, ಮೊದಲ ಡಬ್ಬಿ ಅದರಲ್ಲಿ ಪಾಲು ಮಾಡಿ ಎರಡನೆಯದಕ್ಕೆ ದಾಟಿಸಬೇಕು. ಕೊಡುವವರು ಜಿಪುಣತನ ಮಾಡಿದರೆ, ಅಥವಾ ಮೊದಲ ಡಬ್ಬಿಗೆ ಪಾಲು ಮಾಡುವುದು ಬರದಿದ್ದರೆ, ಮಹಡಿಯ ಕೋಣೆಗೆ ಹೊಸ ವಿಳಾಸ ತಲುಪುವುದಿಲ್ಲ. ನ್ಯಾಟ್‌ಗೆ ಈ ಚಿಂತೆಯಿಲ್ಲ; ವಠಾರದೊಳಗೆ ಇನ್ನೊಂದು ವಠಾರ ಕಟ್ಟಿದರೂ ಹೇಗೋ ನಡೆಯುತ್ತದೆ.

ನಾಲ್ಕನೆಯದು ಕೆಟ್ಟ ಹೆಸರು. ಐಪಿವಿ6ನ ಆರಂಭದ ವರ್ಷಗಳಲ್ಲಿ ಅರೆಬರೆ ಜೋಡಣೆಗಳಿದ್ದವು. ಕಂಪ್ಯೂಟರ್ ಮೊದಲು ಹೊಸ ದಾರಿಯಲ್ಲಿ ಹೋಗಲು ನೋಡಿ, ಅಲ್ಲಿ ಕಾದು ಸೋತು, ಆಮೇಲೆ ಹಳೆಯ ದಾರಿಗೆ ಬರುತ್ತಿತ್ತು. ಪುಟ ತೆರೆಯಲು ತಡ. ‘ಐಪಿವಿ6 ಆಫ್ ಮಾಡಿ, ಸರಿಹೋಗುತ್ತೆ’ ಎಂಬ ಸಲಹೆ ಆಗ ಹುಟ್ಟಿತು. ಎರಡೂ ದಾರಿಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಪರೀಕ್ಷಿಸಿ ಬೇಗ ಉತ್ತರ ಕೊಟ್ಟದ್ದನ್ನು ಹಿಡಿಯುವ ವಿಧಾನವನ್ನು 2012ರಲ್ಲಿ ಬರೆದಿಟ್ಟರು, ಬ್ರೌಸರುಗಳು ಅದನ್ನು ಅಳವಡಿಸಿಕೊಂಡವು. ಕಾಯಿಲೆ ಹೆಚ್ಚುಕಡಿಮೆ ಹೋಯಿತು, ಪಥ್ಯ ಉಳಿಯಿತು.

ಈ ಪಥ್ಯ ನನಗೂ ಎದುರಾಯಿತು. ನೆಂಟರ ಮನೆಯ ಅಟ್ಟದಲ್ಲಿ ಶ್ಯಾನುಭೋಗಿಕೆ ಕಾಲದ ಒಂದು ಗಂಟು ಸಿಕ್ಕಿತ್ತು. ಕಂದಾಯದ ರಸೀತಿಗಳು, ಜಮಾಬಂದಿ ಲೆಕ್ಕ, ಒಂದೇ ಸಾಲಿನಲ್ಲಿ ಕನ್ನಡ ತೆಲುಗು ಎರಡೂ ಬೆರೆತ ಪತ್ರಗಳು. ಸ್ಕ್ಯಾನ್ ಮಾಡಿ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇಟ್ಟೆ. ಮೈಸೂರಿನಲ್ಲೂ ತಿರುಪತಿಯಲ್ಲೂ ಇರುವ ಸಹಸಂಶೋಧಕರು ನೇರವಾಗಿ ನಮ್ಮ ಮನೆಯ ಆ ಕಂಪ್ಯೂಟರಿಗೇ ಬಂದು ಓದಲಿ ಎಂಬುದು ನನ್ನ ಆಸೆ. ನೆಟ್ ಹಾಕಿಕೊಟ್ಟ ಹುಡುಗನನ್ನು ಕರೆದು ಐಪಿವಿ6 ಆನ್ ಮಾಡಿಕೊಡಪ್ಪಾ ಎಂದೆ.

"ಅದು ಆನ್ ಮಾಡಿದ್ರೆ ನೆಟ್ ಸ್ಲೋ ಅಂತ ಫೋನ್ ಬರ್ತವೆ ಅಕ್ಕಾ. ಆಫ್ ಮಾಡೇ ಕೊಡ್ಬೇಕಂತ ನಮ್‌ಗೆ ಹೇಳವ್ರೆ. ನಿಮ್ಗೆ ಯೂಟ್ಯೂಬ್ ಬರ್ತೈತಲ್ಲ?"

ಯೂಟ್ಯೂಬ್ ಬರುತ್ತಿತ್ತು. ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಒಂದು ದೂರಿಗೆ ಒಂದು ಸಲ ಬೈಕಿನಲ್ಲಿ ರೋಣೂರು ಕಡೆಗೋ ಯಲ್ದೂರು ಕಡೆಗೋ ಹೋಗಿ ಬರುವುದು ಅವನ ಪೆಟ್ರೋಲಿನ ಲೆಕ್ಕ. ದೂರು ಬರದಂತೆ ನೋಡಿಕೊಳ್ಳುವುದೇ ಅವನ ಸಂಬಳ. ಹೊಸ ವಿಳಾಸ ಕೊಟ್ಟದ್ದಕ್ಕೆ ಯಾರೂ ಅವನಿಗೆ ಶಹಬಾಸ್ ಅನ್ನುವುದಿಲ್ಲ.

ಅಂದು ಡಬ್ಬಿಯ ಹೊರಮುಖದ ವಿಳಾಸ ನೋಡಿದೆ. ಅದು 100.72 ಎಂದು ಶುರುವಾಗುತ್ತಿತ್ತು. 2012ರಲ್ಲಿ ಸಂಪರ್ಕ ಕೊಡುವವರ ಒಳಬಳಕೆಗೆಂದೇ ಮೀಸಲಿಟ್ಟ ಸಂಖ್ಯೆಗಳ ಸಾಲಿಗೆ ಸೇರಿದ್ದು ಅದು. ಅರ್ಥ ಇಷ್ಟೆ: ನಮ್ಮ ಮನೆಯೇ ಒಂದು ವಠಾರ, ಅಂಥ ಅನೇಕ ಮನೆಗಳು ಸೇರಿ ಇನ್ನೊಂದು ದೊಡ್ಡ ವಠಾರ, ಬೀದಿಗೆ ಕಾಣುವ ಬಾಗಿಲು ಎಲ್ಲೋ ದೂರದ ಊರಿನಲ್ಲಿ. ವಿಳಾಸಗಳ ಬೆಲೆ ಏರಿದಂತೆ ಸಂಪರ್ಕ ಕೊಡುವವರು ಕಂಡುಕೊಂಡ ದಾರಿ ಇದು. ಈ ದೊಡ್ಡ ವಠಾರದಲ್ಲಿ ಯಾರೋ ಒಬ್ಬರು ಕಿಡಿಗೇಡಿತನ ಮಾಡಿ ಒಂದು ತಾಣ ಆ ವಿಳಾಸಕ್ಕೆ ಬಾಗಿಲು ಹಾಕಿದರೆ, ಉಳಿದವರಿಗೂ ಬಾಗಿಲು ಹಾಕಿದಂತೆಯೇ. ತೋಟಕ್ಕೆ ಕ್ಯಾಮೆರಾ ಹಾಕಿಸಿದ ಮಾವು ಬೆಳೆಗಾರರು ಮನೆಯಲ್ಲಿ ಕೂತು ಅರ್ಧ ಮೈಲಿ ಆಚೆಯ ತಮ್ಮದೇ ಮರಗಳನ್ನು ನೋಡಬೇಕಾದರೆ, ಆ ಚಿತ್ರ ಹೆಚ್ಚಾಗಿ ಕ್ಯಾಮೆರಾ ಕಂಪನಿಯ ಸರ್ವರಿನ ಮೂಲಕ ಬರುತ್ತದೆ. ಕಂಪನಿ ಸರ್ವರ್ ಮುಚ್ಚಿದ ದಿನ ಕ್ಯಾಮೆರಾ ಕುರುಡು. ನನ್ನ ಶ್ಯಾನುಭೋಗರ ಕಾಗದಗಳೂ ಈಗ ತಿಂಗಳ ಬಾಡಿಗೆಯ ಕ್ಲೌಡ್ ಜಾಗದಲ್ಲಿವೆ. ನಾನು ಬಾಡಿಗೆ ಕಟ್ಟುವವರೆಗೆ ಅವು ಅಲ್ಲಿರುತ್ತವೆ.

ನ್ಯಾಟ್ ಇದ್ದರೇ ಒಳ್ಳೆಯದು, ಕಳ್ಳರು ಒಳಗೆ ಬರಲಾರರು ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಅಗ್ಗದ ಕ್ಯಾಮೆರಾಗಳ ಪಾಸ್‌ವರ್ಡ್ ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಿಂದ ಬಂದದ್ದೇ ಇರುತ್ತದೆ. ಬಾಗಿಲು ತೆರೆದರೆ ಅಪಾಯ ನಿಜ. ಆದರೆ ಮನೆಗೆ ನಂಬರ್ ಇರುವುದು ಬೇರೆ, ಬಾಗಿಲಿಗೆ ಚಿಲಕ ಇರುವುದು ಬೇರೆ. ಚಿಲಕದ ಕೆಲಸ ಫೈರ್‌ವಾಲ್‌ನದು. ಹೊಸ ವಿಳಾಸವಿರುವ ರೂಟರಿನಲ್ಲೂ ಅದು ಹಾಕಿಯೇ ಇರಬಹುದು, ಬೇಕಾದವರಿಗೆ ಬೇಕಾದ ಬಾಗಿಲು ಮಾತ್ರ ತೆರೆಯಬಹುದು. ಚಿಲಕ ಹಾಕಲು ಸೋಮಾರಿತನವಾಗಿ ಮನೆಯ ನಂಬರನ್ನೇ ಅಳಿಸಿದಂತಾಗಿದೆ ನಮ್ಮ ಸ್ಥಿತಿ.

ಐಪಿವಿ6 ಬಾರದಿರುವುದನ್ನು ಬರೀ ತಾಂತ್ರಿಕ ವಿಳಂಬ ಎಂದು ನೋಡಿದರೆ ಇದು ಕಾಣುವುದಿಲ್ಲ. ಸಿನಿಮಾ ಬರುತ್ತದೆ, ಪಾಠ ಬರುತ್ತದೆ, ಹಣ ಹೋಗುತ್ತದೆ. ಕಳೆದುಕೊಂಡದ್ದು ಒಂದೇ, ನಮ್ಮ ಮನೆಯಿಂದ ಏನನ್ನಾದರೂ ಜಗತ್ತಿಗೆ ನೇರವಾಗಿ ತೋರಿಸುವ ಸಾಧ್ಯತೆ. ಅದನ್ನು ಎಂದೂ ಪಡೆದಿರದ ನಮ್ಮಂಥ ಊರುಗಳಿಗೆ ಕಳೆದುಕೊಂಡದ್ದು ಗೊತ್ತಾಗುವುದೂ ಇಲ್ಲ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಗುವ ಮುಂಚೆಯೂ ಆಮೇಲೂ, ಒಂದು ಹಳ್ಳಿಗೆ ಅಂಚೆ ಬಂತೆಂದರೆ ಅಲ್ಲಿಂದ ಕಾಗದ ಹೋಗುವುದೂ ಅಲ್ಲಿಗೆ ಕಾಗದ ಬರುವುದೂ ಸೇರಿಯೇ ಇತ್ತು. ಒಮ್ಮುಖದ ಅಂಚೆಯನ್ನು ಯಾರೂ ಅಂಚೆ ಎನ್ನುತ್ತಿರಲಿಲ್ಲ.

ಇದು ಬದಲಾಗುವುದು ಹೇಗೆ? ಪಿನ್‌ಕೋಡಿನ ಉತ್ತರಾರ್ಧವನ್ನು ಇಲ್ಲಿ ಹೇಳಬೇಕು. ‘ಪಿನ್ ಬರೆಯಿರಿ’ ಎಂಬ ಪ್ರಚಾರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಾರ್ಡು, ಇನ್‌ಲ್ಯಾಂಡ್ ಲೆಟರುಗಳ ಮೇಲೆ ಅಚ್ಚಾಗಿ ಬಂದ ಆರು ಖಾಲಿ ಚೌಕಗಳು ಎಂಬುದು ನನ್ನ ಎಣಿಕೆ. ಖಾಲಿ ಚೌಕ ಕಂಡರೆ ಮನುಷ್ಯನಿಗೆ ತುಂಬಬೇಕೆನಿಸುತ್ತದೆ. ಆಮೇಲೆ ಬ್ಯಾಂಕಿನ ಅರ್ಜಿಯಲ್ಲಿ, ಪರೀಕ್ಷೆಯ ಅರ್ಜಿಯಲ್ಲಿ, ಎಲ್ಲೆಲ್ಲೂ ಆ ಚೌಕಗಳು ಬಂದವು. ಯಾರೂ ಪಿನ್‌ಕೋಡಿನ ಮಹತ್ವ ಓದಿ ಬದಲಾಗಲಿಲ್ಲ. ಬರೆಯುವುದು ಬರೆಯದಿರುವುದಕ್ಕಿಂತ ಸುಲಭವಾಯಿತು, ಅಷ್ಟೆ.

ಮನೆಯ ಡಬ್ಬಿಗೂ ಬೇಕಾದದ್ದು ಅಂಥ ಚೌಕವೇ. ಹೊಸ ರೂಟರ್ ಗೋಡೆಗೆ ಬರುವಾಗ ಐಪಿವಿ6 ಆನ್ ಆಗಿಯೇ ಇರಬೇಕು, ಜೊತೆಗೆ ಚಿಲಕವೂ ಹಾಕಿರಬೇಕು. ಬೇಡವೆನ್ನುವವರು ಕೇಳಿ ಆಫ್ ಮಾಡಿಸಿಕೊಳ್ಳಲಿ. ಸರ್ಕಾರದ ಮುಂದಿನ ಸುತ್ತೋಲೆಯಲ್ಲಿ ‘ಸಮರ್ಥ’ ಎಂಬ ಪದದ ಜಾಗದಲ್ಲಿ ‘ಚಾಲೂ’ ಎಂಬ ಪದ ಬಂದರೆ ಅರ್ಧ ಕೆಲಸ ಆದಂತೆ. ಅದು ಬರುವವರೆಗೆ, ಮುಂಗಾರಿಗೆ ಮುಂಚಿನ ಸಿಡಿಲಿಗೆ ನಿಮ್ಮ ಮನೆಯ ಡಬ್ಬಿ ಸುಟ್ಟು ಹೊಸದು ತರುವ ದಿನ, ಹಾಕಲು ಬಂದ ಹುಡುಗನಿಗೆ ಒಂದು ಲೋಟ ಕಾಫಿ ಕೊಟ್ಟು ಆ ಗುಂಡಿ ಎಲ್ಲಿದೆ ತೋರಿಸಪ್ಪಾ ಎಂದು ಕೇಳಿ. ಒಂದು ಬೀದಿಯಲ್ಲಿ ಹತ್ತು ಮನೆಯವರು ಕೇಳಿದರೆ, ಹನ್ನೊಂದನೇ ಮನೆಯಲ್ಲಿ ಅವನು ಕೇಳುವ ಮುಂಚೆಯೇ ಆನ್ ಮಾಡಿರುತ್ತಾನೆ.